ಮೈಸೂರು ಎಂದು ಹೇಳಿಕೊಂಡು ಫೆಸ್‌ಗೆ ಹೋದದ್ದು

ಮೊರಾಕೊ ದೇಶದ ಫೆಸ್ ನಗರದ ಹಳೇ ಪೇಟೆಯಲ್ಲಿ ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಕಿರಿದಾದ ಗಲ್ಲಿಗಳಿವೆ. ಅಂಥದೊಂದು ಗಲ್ಲಿಯ ಮನೆಯಲ್ಲಿ ನಾವು ನಾಲ್ಕು ದಿನ ಇದ್ದೆವು. ನಾವು ಎಂದರೆ ಪ್ರವಾಸಕ್ಕೆ ಹೊರಟ ಹನ್ನೆರಡು ಮಂದಿ ಕನ್ನಡಿಗರು. ನನ್ನ ಕೋಣೆಯಲ್ಲಿ ಜೊತೆಗಿದ್ದವರು ತುಮಕೂರು ಕಡೆಯ, ನನ್ನದೇ ವಯಸ್ಸಿನ ಹೆಂಗಸು. ವಿಮಾನದಲ್ಲೇ ಅವರು ನನ್ನ ಊರು ಕೇಳಿದ್ದರು. ಮೈಸೂರು ಎಂದಿದ್ದೆ.

ಸುಳ್ಳು. ನಾನು ಹುಟ್ಟಿದ್ದು ಅಜ್ಜೀಪುರ, ಮನೆ ಇರುವುದು ಕೊಳ್ಳೇಗಾಲ, ಯಳಂದೂರಿನ ಶಾಲೆಯಲ್ಲಿ ಹಿಂದಿ ಪಾಠ ಮಾಡಿ ನಿವೃತ್ತಳಾದವಳು. ಆದರೆ ಕೊಳ್ಳೇಗಾಲ ಎಂದರೆ ಸಾಕು, ಎದುರಿನವರು ಅರ್ಧ ನಗುತ್ತ ಅರ್ಧ ಹೆದರುತ್ತ ಮಾಟಮಂತ್ರದ ಮಾತು ತೆಗೆಯುತ್ತಾರೆ. ಹಿಂದೊಮ್ಮೆ ಟ್ರೈನಿಂಗಿಗೆ ಹೋದಾಗ ನಮ್ಮ ತೋಟದ ನಿಂಬೆಹಣ್ಣು ತಕ್ಕೊಂಡು ಹೋಗಿ ಎಲ್ಲರಿಗೂ ಹಂಚಿದ್ದೆ. ಸಂಜೆ ನೋಡಿದರೆ ಒಂದನ್ನೂ ಯಾರೂ ಒಯ್ದಿರಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಹಾಗೇ ಕೂತಿದ್ದವು. "ಯಾರಾರ ಕೇಳುದ್ರೆ ಮೈಸೂರು ಅಂದ್ಬುಡು ಕಣವ್ವ, ನಿಂಗ್ಯಾಕೆ" ಎಂದರು ಅವ್ವ. ಅಂದಿನಿಂದ ಹಾಗೇ ಹೇಳಿಕೊಂಡು ಬಂದೆ.

ಫೆಸ್‌ನ ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದಾಕೆಗೆ ಐವತ್ತು ದಾಟಿತ್ತು. ಪ್ರತಿ ಪಾತ್ರೆಯನ್ನೂ ನಮ್ಮ ಮುಂದೆ ತಂದಿಟ್ಟು, ನಿಂತುಕೊಂಡೇ ಒಂದು ಚಮಚ ತಾನು ತಿಂದು, ನುಂಗಿ, ಆಮೇಲೆ ನಮಗೆ ಬಡಿಸುತ್ತಿದ್ದಳು. ಈ ಊರಿನ ಪದ್ಧತಿ ಇರಬೇಕೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಪಾಠ ಮಾಡಿದವಳ ಚಾಳಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆದರೆ ಪೇಟೆಯ ಊಟದ ಅಂಗಡಿಗಳಲ್ಲಾಗಲಿ, ನಮ್ಮನ್ನು ಕರೆದು ರೊಟ್ಟಿ ಕೊಟ್ಟ ಚರ್ಮ ಹದ ಮಾಡುವವರ ಮನೆಯಲ್ಲಾಗಲಿ ಯಾರೂ ಹಾಗೆ ಮಾಡಲಿಲ್ಲ. ನನಗೆ ತಡೆಯಲಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

ಆಕೆಗೆ ಹಿಂದಿ ಬರುತ್ತಿತ್ತು. ಕೊಲ್ಲಿ ದೇಶವೊಂದರ ದೊಡ್ಡ ಮನೆಯಲ್ಲಿ ಹನ್ನೊಂದು ವರ್ಷ ಅಡುಗೆ ಮಾಡಿದ್ದಳಂತೆ, ಅಲ್ಲಿನ ಡ್ರೈವರ್ ನಮ್ಮ ದೇಶದವನಂತೆ. ಯಳಂದೂರಿನಲ್ಲಿ ಮಕ್ಕಳು ಬಾಯಿಬಿಡದೆ ಕೇಳುತ್ತಿದ್ದ ನನ್ನ ಹಿಂದಿಗೆ ಫೆಸ್‌ನಲ್ಲಿ ಉತ್ತರ ಸಿಕ್ಕಿತು. ಆ ಮನೆಯವರ ಪಾಲಿಗೆ ಮೊರಾಕೊ ಹೆಂಗಸು ಎಂದರೆ ಮಾಟಗಾತಿಯೇ ಅಂತೆ. ಈಕೆ ಮೊದಲು ತಿಂದು ನುಂಗುವವರೆಗೆ ಯಜಮಾನಿ ತಟ್ಟೆ ಮುಟ್ಟುತ್ತಿರಲಿಲ್ಲ. ಊರಿಗೆ ವಾಪಸು ಬಂದು ವರ್ಷಗಳಾದರೂ ಕೈ ಮಾತು ಕೇಳುವುದಿಲ್ಲ ಎಂದು ನಕ್ಕಳು.

ಪಕ್ಕದಲ್ಲಿದ್ದ ತುಮಕೂರಿನವರಿಗೆ ಇದನ್ನೆಲ್ಲ ಕನ್ನಡದಲ್ಲಿ ಹೇಳಿದೆ. "ಅಯ್ಯೋ, ನಮ್ಮ ಕೊಳ್ಳೇಗಾಲದೋರ ಥರ ಅನ್ನಿ" ಎಂದು ಅವರು ತಟ್ಟೆಯನ್ನು ಒಂದಿಷ್ಟು ಹಿಂದಕ್ಕೆ ತಳ್ಳಿದರು.

ಅಷ್ಟರಲ್ಲಿ ಅಡುಗೆಯಾಕೆ ನನ್ನ ಊರು ಯಾವುದೆಂದು ಕೇಳಿದಳು. ಮೈಸೂರು ನಾಲಿಗೆಯ ತುದಿಯಲ್ಲೇ ಇತ್ತು. ಈ ಹೆಂಗಸಿನ ಮುಂದೆ ಅದನ್ನು ಹೇಳಲು ನಾಚಿಕೆಯಾಯಿತು. ಕೊಳ್ಳೇಗಾಲ ಎಂದೆ. ನಮ್ಮ ಊರಿಗೆ ಅಂಟಿದ ಹೆಸರನ್ನೂ ನಿಂಬೆಹಣ್ಣಿನ ಕತೆಯನ್ನೂ ಹಿಂದಿಯಲ್ಲಿ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕುಲ್ಲಿಗಾಲ್, ಕುಲ್ಲಿಗಾಲ್ ಎಂದು ಹೆಸರನ್ನು ಬಾಯಿಪಾಠ ಮಾಡಿದಳು. ನಾನು ತುಮಕೂರಿನವರ ಕಡೆ ತಿರುಗಿದೆ.

"ನಾನೂ ಕೊಳ್ಳೇಗಾಲದೋಳೇ ಕಣ್ರಿ. ನಿಮ್ಗೆ ಸುಳ್ಳೇಳಿದ್ದೆ."

ಅವರು ತಟ್ಟೆ ಬಿಟ್ಟು ಎದ್ದರು. ಹಿಂದೆಯೇ ನಾನು ಮೆಟ್ಟಿಲು ಹತ್ತಿದೆ. ಬೇರೆ ಕೋಣೆ ಕೇಳುತ್ತಾರೆ, ಕೇಳಲಿ ಎಂದುಕೊಂಡು ನಾನೂ ನಾಲ್ಕು ಖಾರದ ಮಾತು ಜೋಡಿಸಿಟ್ಟುಕೊಂಡೆ. ಕೋಣೆಗೆ ಬಂದವರೇ ಬಾಗಿಲು ಹಾಕಿ ಮಂಚದ ಅಂಚಿನಲ್ಲಿ ಕೂತರು.

"ಅಲ್ಲಿ ಚೆನ್ನಾಗಿ ನೋಡೋರು ಯಾರಾದ್ರೂ ಗೊತ್ತಿದ್ರೆ ಹೇಳಿ ಮಿಸ್. ನನ್ನ ಮಗಳಿಗೆ ಮೂರು ಸಲ ಬಸಿರು ನಿಲ್ಲಲಿಲ್ಲ."

ಕೊಳ್ಳೇಗಾಲದಲ್ಲಿ ನನಗೆ ಗೊತ್ತಿರುವುದು ರೇಷ್ಮೆ ಸೀರೆ ಅಂಗಡಿಯವರು, ಜೊತೆಗೆ ಕೆಲಸ ಮಾಡಿದ ಟೀಚರ್‌ಗಳು, ಅಷ್ಟೇ ಎಂದೆ. ಮಂತ್ರ ಮಾಡುವವರನ್ನು ನಾನು ಕಣ್ಣಿಂದ ಕಂಡವಳಲ್ಲ, ಮಗಳನ್ನು ಒಳ್ಳೆಯ ಡಾಕ್ಟರಿಗೆ ತೋರಿಸಿ ಎಂದೆ. ಅವರು ನಂಬಲಿಲ್ಲ.

"ಕೆಳಗೆ ನಾನು ಹಂಗಂದೆ ಅಂತ ತಾನೇ ಹೇಳ್ತಾ ಇಲ್ಲ ನೀವು" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.