ಅಕ್ಕನ ಹತ್ತು ಹೆಜ್ಜೆ ಮತ್ತು ಬಾಲಿಯ ಮಂಗ

ನಮ್ಮಕ್ಕನ ಜೊತೆ ರಸೆಲ್ ಮಾರ್ಕೆಟ್ಟಿಗೆ ಹೋಗುವುದೆಂದರೆ ನನ್ನ ಪಾಲಿಗೆ ಮಾನ ಕಳೆದುಕೊಳ್ಳುವ ಕೆಲಸ. ಹೊರಮಾವಿನಿಂದ ಬಸ್ಸು ಹಿಡಿದು ಶಿವಾಜಿನಗರದಲ್ಲಿ ಇಳಿದ ಕೂಡಲೇ ಅವಳ ಮುಖವೇ ಬೇರೆಯಾಗುತ್ತಿತ್ತು. ಸೀಬೆಹಣ್ಣಿನವನು ಹೇಳಿದ ಬೆಲೆಯ ಅರ್ಧಕ್ಕೆ ಕೇಳುವಳು. ಅವನು ಒಪ್ಪದಿದ್ದರೆ ಬೆನ್ನು ತಿರುಗಿಸಿ ನಡೆದೇಬಿಡುವಳು. ನಾನು ಹಿಂದೆ ನೋಡಿದರೆ ಮೊಣಕೈಯಿಂದ ಒಂದು ತಿವಿತ.

"ಹತ್ತು ಹೆಜ್ಜೆ ಹಾಕು, ಅವನೇ ಕರೀತಾನೆ. ತಿರುಗಿ ನೋಡಿದೋರು ಸೋತೋರು ಕಣೇ."

ಹತ್ತು ತುಂಬುವಷ್ಟರಲ್ಲಿ "ಬನ್ನಿ ಅಮ್ಮಾ, ತಗೊಂಡೋಗಿ" ಎಂಬ ಕೂಗು ಬಂದೇ ಬರುತ್ತಿತ್ತು. ನಾನು ನಾಚಿಕೆಯಿಂದ ಕನ್ನಡಕ ಒರೆಸಿಕೊಳ್ಳುತ್ತಿದ್ದೆ.

ಆ ಕನ್ನಡಕವೋ, ಅಪ್ಪಟ ಸೋಡಾಬುಡ್ಡಿ. ತೆಗೆದರೆ ಎದುರಿಗಿರುವುದು ಅಕ್ಕನೋ ಕಂಬವೋ ತಿಳಿಯದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ನಾವಿಬ್ಬರೂ ಟೂರಿನವರ ಜೊತೆ ಬಾಲಿಗೆ ಹೋದೆವು. ಅಲ್ಲಿ ಸಮುದ್ರದ ಮೇಲಿನ ಬಂಡೆಯಂಚಿನಲ್ಲಿ ಒಂದು ದೇವಸ್ಥಾನ. ಅಲ್ಲಿನ ಮಂಗಗಳು ಜನರ ಸಾಮಾನು ಕಸಿದು ಒತ್ತೆ ಇಟ್ಟುಕೊಳ್ಳುತ್ತವೆ, ಹಣ್ಣು ಕೊಟ್ಟರೆ ವಾಪಸು ಕೊಡುತ್ತವೆ ಎಂದು ಗೈಡ್ ಹೇಳುತ್ತಿದ್ದ. ನಾನು ನಗುತ್ತಿರುವಾಗಲೇ ಹೆಗಲ ಮೇಲೆ ಏನೋ ಧೊಪ್ಪೆಂದು ಬಿತ್ತು, ಲೋಕವೇ ಮಸುಕಾಯಿತು. ಟೂರು ಇನ್ನೂ ಮೂರು ದಿನ ಉಳಿದಿತ್ತು. ಬೇರೆ ಕನ್ನಡಕ ತಂದಿರಲಿಲ್ಲ. ಅಳುವೇ ಬಂತು.

"ಅಳ್ಬೇಡ, ನಾನಿದೀನಿ" ಎಂದು ಅಕ್ಕ ಒಂದು ಬಾಳೆಹಣ್ಣು ಕೊಟ್ಟಳು. ಬಂಡೆಯಂಚಿನ ಗೋಡೆಯ ಮೇಲೆ ಕೂತ ಕಂದು ಮುದ್ದೆ ಅದನ್ನು ತಿಂದಿತು, ಕನ್ನಡಕ ಬಿಡಲಿಲ್ಲ. ಇನ್ನೊಂದು ಕೊಟ್ಟಳು. ಅದೂ ಹೋಯಿತು.

"ಮುಂಡೇದು, ಜಾಸ್ತಿ ಕೇಳ್ತಿದೆ! ಇರು." ಬ್ಯಾಗಿನ ಜಿಪ್ ಎಳೆದಳು, ನನ್ನ ಕೈ ಹಿಡಿದು ಬೆನ್ನು ತಿರುಗಿಸಿ ನಡೆದಳು. "ಹಿಂದೆ ನೋಡ್ಬೇಡ."

"ನೋಡಿದ್ರೂ ಕಾಣಲ್ಲಕ್ಕಾ" ಎಂದೆ.

ಏಳನೆಯ ಹೆಜ್ಜೆಗೆ ಅಕ್ಕನೇ ನಿಂತು ತಿರುಗಿದಳು. "ಅಯ್ಯಯ್ಯೋ, ಅದೂ ಬೆನ್ನು ತಿರುಗಿಸ್ಕೊಂಡು ಹೋಗ್ತಿದೆಯಲ್ಲೇ!" ಗೋಡೆಯ ಆಚೆ ಬರೀ ಸಮುದ್ರ. ಅಕ್ಕ ನನ್ನ ಕೈ ಬಿಟ್ಟು ಓಡಿದಳು. "ಬಾರೋ ನನ್ನಪ್ಪಾ, ಬಾರೋ! ಎಲ್ಲಾ ತಗೊಂಡೋಗು!"

ಉಳಿದ ಬಾಳೆಹಣ್ಣು, ಮನೆಯಿಂದ ತಂದ ಕೋಡುಬಳೆ, ನಿಪ್ಪಟ್ಟು ಎಲ್ಲವನ್ನೂ ಗೋಡೆಯ ಮೇಲೆ ಸುರಿದಳು. ಬಾಚಿಕೊಳ್ಳಲು ಎರಡು ಕೈಯೂ ಬೇಕಾದಾಗ ಮಂಗ ಕನ್ನಡಕವನ್ನು ಗೋಡೆಯ ಈಚೆ ಕೆಳಗೆ ಹಾಕಿತಂತೆ. ಹಲ್ಲಿನ ಗುರುತು ಬಿದ್ದ ಆ ಕನ್ನಡಕ ಏರಿಸಿದಾಗ ನನಗೆ ಮೊದಲು ಕಂಡದ್ದು ಅಕ್ಕನ ಒದ್ದೆ ಕಣ್ಣು. ಅವಳು ಅಷ್ಟು ಹೆದರಿದ್ದನ್ನು ನಾನು ನೋಡಿಯೇ ಇರಲಿಲ್ಲ.

"ಮನೇಲಿ ಬಾಯಿ ಬಿಟ್ಟೆಯೋ, ನೋಡು!" ಎಂದಳು.

ಬಾಯಿ ಬಿಡಲಿಲ್ಲ. ಊರಿಗೆ ಬಂದ ಮೇಲೆ ಮಾರ್ಕೆಟ್ಟಿನಲ್ಲಿ ಅವಳು ಎಂದಿನಂತೆ ಸೀಬೆಹಣ್ಣಿನವನಿಗೆ ಬೆನ್ನು ತಿರುಗಿಸಿದಾಗ, ನಾನೂ ನಾಚಿಕೆ ಬಿಟ್ಟು ಕೈ ಹಿಡಿದು ಹೆಜ್ಜೆ ಹಾಕಿದೆ. ಏಳನೆಯ ಹೆಜ್ಜೆಗೆ ಮೆಲ್ಲಗೆ ಹೇಳಿದೆ: "ಅಕ್ಕಾ, ಅವನೂ ಹೊರಟ."

ಅಕ್ಕ ಗಿರಕ್ಕನೆ ತಿರುಗಿದಳು. ಹಣ್ಣಿನವನು ಕೂತಲ್ಲೇ ಕೂತು ನಗುತ್ತಿದ್ದ.

ಅವತ್ತು ಅವನು ಹೇಳಿದಷ್ಟೇ ಕೊಟ್ಟೆವು. ಬಸ್ಸಿನಲ್ಲಿ ಅಕ್ಕ ಮುಖ ಊದಿಸಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಆದರೆ ಚೀಲದಲ್ಲಿ ಕೈಯಾಡಿಸಿ, ಎಲ್ಲಕ್ಕಿಂತ ದೊಡ್ಡ ಹಣ್ಣನ್ನು ನನಗೇ ಕೊಟ್ಟಳು.