ಅಕ್ಕನ ಕೈಗಳ ಪ್ರಿಂಟು

ಇವತ್ತು ಬೆಳಗ್ಗೆ ಕೊರಿಯರ್‌ನಲ್ಲಿ ಹತ್ತಿ ಕಾಗದದ ಹೊಸ ಕಟ್ಟು ಬಂತು. ಬಿಚ್ಚಿದರೆ ಗಂಜಿ ಹಾಕಿ ಒಣಗಿಸಿದ ಪಂಚೆಯ ವಾಸನೆ. ಇಂಕ್‌ಜೆಟ್ ಪ್ರಿಂಟರಿಗೆ ಇಂಥ ಕಾಗದವನ್ನೂ ಹಾಕುತ್ತಾರೆಂದು ಎರಡು ವರ್ಷದ ಹಿಂದೆ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಗಣಿತ ಹೇಳಿದವನು ನಾನು; ಉತ್ತರ ಅಂದರೆ ಸರಿ, ಇಲ್ಲವೇ ತಪ್ಪು. ನಿವೃತ್ತನಾದ ಮೇಲೆ ಕಪ್ಪು ಬಿಳುಪು ಫೋಟೋಗಳನ್ನು ಪ್ರಿಂಟು ಮಾಡುವ ಹುಚ್ಚು ಹಿಡಿಯಿತು. ಆಮೇಲೆ ಸರಿ ಯಾವುದು, ತಪ್ಪು ಯಾವುದು ಎನ್ನುವುದೇ ಕೈತಪ್ಪಿ ಹೋಯಿತು ನೋಡಿ.

ಕಲಿಸಿದವರು ಜೆ.ಪಿ. ನಗರದ ಗುರುಮೂರ್ತಿ. ಮನೆಯ ಮಹಡಿಯಲ್ಲೇ ಕಲಾವಿದರಿಗೆ ಪ್ರಿಂಟು ಹಾಕಿಕೊಡುವವರು. ನಾನು ಮೊದಲು ಒಯ್ದದ್ದು ಲಾಲ್‌ಬಾಗಿನ ಒಂದು ಮರ. ಕಂಪ್ಯೂಟರಿನಲ್ಲಿ ಥಳಥಳ ಅನ್ನುತ್ತಿದ್ದದ್ದು ಕಾಗದದ ಮೇಲೆ ಬೂದಿ ಬಳಿದಂತಿತ್ತು. ಅವರು ಅದನ್ನು ಟ್ಯೂಬ್‌ಲೈಟಿನ ಕೆಳಗಿಂದ ಕಿಟಕಿಯ ಬಳಿಗೆ ತಂದರು.

"ಈಗ ನೋಡಿ ಸಾರ್. ಎಲ್ಲಿ ಬರೀ ಕಪ್ಪು ಮೆತ್ಕೊಂಡಿದೆ, ಎಲ್ಲಿ ಬರೀ ಕಾಗದ ಉಳಿದಿದೆ, ಪೆನ್ಸಿಲಲ್ಲಿ ಗುರುತು ಹಾಕಿ."

ಹಾಕಿದೆ. "ಇಲ್ಲಲ್ಲ," ಅಂದರು. ಎಲ್ಲಿ ಅಂತ ಹೇಳಲಿಲ್ಲ. ತಿದ್ದಿ ಮತ್ತೆ ಒಯ್ದರೆ, "ಒಂದು ದಿನ ಒಣಗಲಿ, ನಾಳೆ ಬೇರೆ ಥರ ಕಾಣುತ್ತೆ" ಅನ್ನುತ್ತಿದ್ದರು. ನಿಜಕ್ಕೂ ಬೇರೆ ಥರ ಕಾಣುತ್ತಿತ್ತು. ಚೆನ್ನಾಯಿತೋ ಕೆಟ್ಟಿತೋ, ಅದು ಮಾತ್ರ ನನಗೆ ತಿಳಿಯುತ್ತಿರಲಿಲ್ಲ. ಹೆಂಡತಿಗೆ ಹಳೆಯದು ಹೊಸದು ಎರಡನ್ನೂ ತೋರಿಸಿದೆ. "ಎರಡೂ ಒಂದೇ ಅಲ್ವಾ?" ಎಂದು ಅಡುಗೆಮನೆಗೆ ಹೋದಳು.

ಹೀಗಿರುವಾಗ ವಸಂತಪುರದಲ್ಲಿರುವ ನನ್ನ ಅಕ್ಕ ಶಾರದೆಯ ಫೋಟೋ ತೆಗೆದೆ. ಅಕ್ಕನ ಎರಡೂ ಕೈಗಳಲ್ಲಿ ತೊನ್ನಿದೆ. ಮದುವೆಯಾದ ಕೆಲವು ವರ್ಷಕ್ಕೆ ಶುರುವಾದದ್ದು. ಅಂದಿನಿಂದ ಯಾವ ಗ್ರೂಪ್ ಫೋಟೋದಲ್ಲೂ ಅವಳ ಕೈ ಸೆರಗಿನಿಂದ ಆಚೆ ಬಂದಿಲ್ಲ. ಅವತ್ತು ಯಾರದೋ ಮದುವೆಯಿಂದ ಬಂದು, ಕಡುನೀಲಿ ರೇಷ್ಮೆ ಸೀರೆಯಲ್ಲೇ ಕೂತು ಕಾಫಿ ಕುಡಿಯುತ್ತಿದ್ದಳು. ಎರಡೂ ಕೈ ಲೋಟದ ಸುತ್ತ. ತೆಗೆಯಲಾ ಅಂದೆ. ಲೋಟ ಕೆಳಗಿಡದೆಯೇ "ತೆಗಿ" ಅಂದಳು.

ಮನೆಗೆ ಬಂದವನೇ ಕಂಪ್ಯೂಟರಿನಲ್ಲಿ ಬಿಳಿ ಮಚ್ಚೆಗಳನ್ನೆಲ್ಲ ಕಪ್ಪಾಗಿಸಿ, ಉಳಿದ ಚರ್ಮಕ್ಕೆ ಹೊಂದಿಸಿಬಿಟ್ಟೆ. ಅಕ್ಕನಿಗೆ ಉಪಕಾರ ಮಾಡಿದೆ ಅಂದುಕೊಂಡಿದ್ದೆ.

ಗುರುಮೂರ್ತಿ ಆ ಪ್ರಿಂಟನ್ನು ಕಿಟಕಿಯಲ್ಲಿ ಹಿಡಿದು, "ಮುಖ ಚೆನ್ನಾಗಿದೆ. ಕೈಗೆ ಮಾತ್ರ ಗ್ಲೌಸ್ ಹಾಕಿದ ಹಾಗಿದೆಯಲ್ಲ?" ಅಂದರು. ತೊನ್ನಿನ ಮಚ್ಚೆಗಳನ್ನು ಅಳಿಸಿದ್ದನ್ನು ಹೇಳಿದೆ.

"ಅವರನ್ನ ಕೇಳಿದ್ರಾ?"

ಕೇಳಿರಲಿಲ್ಲ.

ಇದ್ದ ಹಾಗೆಯೇ ಪ್ರಿಂಟು ಹಾಕಿದರೆ ಮಚ್ಚೆಗಳು ಬರೀ ಕಾಗದವಾಗಿ, ಕೈಗೆ ತೂತು ಬಿದ್ದಂತೆ ಕಂಡವು. ಬಿಳುಪನ್ನು ಸ್ವಲ್ಪ ಇಳಿಸಿದರೆ ಮಂಕು. ಇನ್ನೊಂದಿಷ್ಟು ಏರಿಸಿದರೆ ಮತ್ತೆ ತೂತು. ಐದನೆಯ ಹಾಳೆಯಲ್ಲಿ ಆ ಬಿಳುಪಿನೊಳಗೆ ಸಣ್ಣ ಸುಕ್ಕುಗಳು, ಒಂದು ನರ ಕಾಣಿಸಿದವು. "ಇದು ಚರ್ಮ," ಅಂದರು ಗುರುಮೂರ್ತಿ. ಅವರು ನನ್ನನ್ನು ಹೊಗಳಿದ್ದು ಅಷ್ಟೇ.

ಹೋದ ವಾರ ಎರಡೂ ಪ್ರಿಂಟುಗಳನ್ನು ಅಕ್ಕನ ಮುಂದಿಟ್ಟೆ. ನಾನು ಕೈ ತಿದ್ದಿದ್ದನ್ನು ಪಕ್ಕಕ್ಕೆ ಸರಿಸಿದಳು. ಇನ್ನೊಂದನ್ನು ಎತ್ತಿಕೊಂಡು, ಯಾರೂ ಹೇಳಿಕೊಡದೆ, ತಾನೇ ಕಿಟಕಿಯ ಹತ್ತಿರ ಹೋದಳು. ಬಹಳ ಹೊತ್ತು ನೋಡಿದಳು.

"ಸೀರೆ ಅಂಚು ಎಲ್ಲೋಯ್ತೋ? ಇದಕ್ಕೆ ಜರಿ ಅಂಚಿತ್ತು."

ಅಂಚು ಕಪ್ಪಿನಲ್ಲಿ ಮುಳುಗಿಹೋಗಿತ್ತು. ನಾನೂ ನೋಡಿರಲಿಲ್ಲ, ಗುರುಮೂರ್ತಿಯೂ ನೋಡಿರಲಿಲ್ಲ. ಇಬ್ಬರ ಕಣ್ಣೂ ಕೈಮೇಲೆಯೇ ಇತ್ತು. ಕೈಯ ಬಗ್ಗೆ ಅಕ್ಕ ಒಂದು ಮಾತೂ ಆಡಲಿಲ್ಲ. ಸಂತೋಷವಾಯಿತೋ, ತಿದ್ದಿದ್ದಕ್ಕೆ ಬೇಜಾರಾಯಿತೋ, ನನಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಇವತ್ತು ಕಂಪ್ಯೂಟರಿನಲ್ಲಿ ಅಂಚನ್ನು ಸ್ವಲ್ಪ ಬೆಳ್ಳಗೆ ಮಾಡಿ, ಹೊಸ ಕಾಗದದ ಮೇಲೆ ಪ್ರಿಂಟು ಹಾಕಿ ಒಣಗಲು ಇಟ್ಟಿದ್ದೇನೆ. ಜರಿ ಬಂದಿದೆ. ಆದರೆ ಸೀರೆಯ ಕಪ್ಪು ತೆಳುವಾಯಿತೇನೋ ಅನ್ನಿಸುತ್ತಿದೆ. ಅದನ್ನೇ ನೋಡುತ್ತ ನಿಂತಿದ್ದಾಗ ಅಕ್ಕನ ಫೋನು ಬಂತು.

"ಭಾನುವಾರ ಬಿಡುವಿದ್ಯಾ? ಇನ್ನೊಂದು ಫೋಟೋ ತೆಗಿ. ಈ ಸಲ ಗಿಳಿಹಸಿರು ಸೀರೆ ಉಡ್ತೀನಿ."

ಕಪ್ಪು ಬಿಳುಪಿನಲ್ಲಿ ಗಿಳಿಹಸಿರು ಏನಾಗುತ್ತದೆ ಎಂದು ಹೇಳಬೇಕೆಂದು ಬಾಯಿ ತೆರೆದೆ. ಏನಾಗುತ್ತದೋ ನನಗೇ ಗೊತ್ತಿರಲಿಲ್ಲ. ಎಷ್ಟು ಗಂಟೆಗೆ ಬರಲಿ ಅಂತ ಕೇಳಿದೆ.