ಮರಳು ಹೊಕ್ಕ ಮೀನು

ಮೀನುಮನೆಯ ತೊಟ್ಟಿಗಳನ್ನು ಹದಿನೇಳು ವರ್ಷದಿಂದ ನೋಡಿಕೊಳ್ಳುತ್ತಿದ್ದ ಆ ಹೆಂಗಸನ್ನು ಎಲ್ಲರೂ ಪುಕ್ಕಲಕ್ಕ ಎಂದೇ ಕರೆಯುತ್ತಿದ್ದರು. ಸುಮ್ಮಸುಮ್ಮನೆ ಬಂದ ಹೆಸರಲ್ಲ ಬಿಡಿ. ಅಧಿಕಾರಿ ಗಂಟಲು ಸರಿಮಾಡಿಕೊಂಡರೆ ಸಾಕು, ಆಕೆಯ ಕೈಯ ಬಕೆಟ್ಟಿನಿಂದ ಅರ್ಧ ನೀರು ನೆಲಕ್ಕೆ. ಕೆಲಸ ಹೋದರೆ ಹಿಂಭಾಗದ ಕ್ವಾರ್ಟರ್ಸೂ ಹೋಗುತ್ತದೆ. ಹಾಸಿಗೆ ಹಿಡಿದ ಅತ್ತೆಯನ್ನು ಹೊತ್ತುಕೊಂಡು ಎಲ್ಲಿಗೆ ಹೋಗುವುದು?

ಸೋಮವಾರ ಹೊಸ ಮೀನು ಬಂತು. ರಾಸ್ ಎಂಬ ಜಾತಿ, ಬೆಚ್ಚಗಿನ ಕಡಲಂಚಿನ ಆಳವಿಲ್ಲದ ಹವಳದ ಬಂಡೆಗಳಲ್ಲಿ ಬಾಳುವಂಥದ್ದು. ಕಿರುಬೆರಳಿನಷ್ಟು ಮೈ, ಅದರ ತುಂಬ ಹಸಿರು ಕಿತ್ತಳೆ ಪಟ್ಟೆ. ಗುರುವಾರ ಇಲಾಖೆಯ ದೊಡ್ಡವರು ನೋಡಲು ಬರುತ್ತಾರೆ, ಅಷ್ಟರಲ್ಲಿ ಸತ್ತರೆ ನೀನು ಗಂಟುಮೂಟೆ ಕಟ್ಟು ಎಂದು ಅಧಿಕಾರಿ ಹೇಳಿಬಿಟ್ಟಿದ್ದ. ತೊಟ್ಟಿಗೆ ಬಿಟ್ಟದ್ದೇ ತಡ, ಮೀನು ಮಂಗಮಾಯ!

ಹೆದರಿದರೆ ಈ ಜಾತಿ ತೊಟ್ಟಿಯ ತಳದ ಮರಳಲ್ಲಿ ಹುದುಗುತ್ತದೆಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದರೇನು, ಎದೆ ಕೇಳಬೇಕಲ್ಲ. ಹತ್ತು ನಿಮಿಷಕ್ಕೊಮ್ಮೆ ಟಾರ್ಚು ಹಿಡಿದು ಬಂದು ಗಾಜಿಗೆ ಮೂಗೊತ್ತಿ ಹುಡುಕಿದಳು, ಗಾಜನ್ನು ತಟ್ಟಿದಳು. ಮಂಗಳವಾರವೂ ಅದೇ ಕೆಲಸ. ಬುಧವಾರ ಮಧ್ಯಾಹ್ನ ಅಧಿಕಾರಿ ಬಂದು, ಐದು ಗಂಟೆಯೊಳಗೆ ಕಾಣದಿದ್ದರೆ ಪೈಪು ಹಾಕಿ ಮರಳನ್ನೆಲ್ಲ ಎಳೆಸುತ್ತೇನೆ ಎಂದ. ಹಾಗೆ ಎಳೆದರೆ ಬದುಕಿದ್ದ ಮೀನೂ ಸಾಯುತ್ತದೆ. ಆಕೆ ಮತ್ತೆ ಟಾರ್ಚು ಹಿಡಿದಳು.

ಮೀನುಮನೆಯ ಬಾಗಿಲಲ್ಲಿ ಟಿಕೆಟ್ ಕೊಡುವ ಆಕೆಯ ನಾದಿನಿಗೆ ನೋಡಿ ನೋಡಿ ತಡೆಯಲಾಗಲಿಲ್ಲ.

"ಅತ್ತಿಗೆ, ಸಾಹೇಬ್ರನ್ನ ಕಂಡ್ರೆ ನೀನು ನಡುಗಲ್ವಾ, ಹಾಗೇ ಅದು ನಿನ್ನ ಕಂಡು ನಡುಗ್ತಿದೆ. ಹೀಗೆ ಇಣುಕ್ತಾನೇ ಇದ್ರೆ ಯಾಕೆ ಹೊರಗೆ ಬರುತ್ತೆ, ಹೇಳು?"

ಪುಕ್ಕಲಕ್ಕ ಟಾರ್ಚು ಆರಿಸಿದಳು. ತನ್ನನ್ನು ಕಂಡು ಹೆದರುವ ಜೀವವೊಂದು ಲೋಕದಲ್ಲಿ ಇದ್ದೀತೆಂದು ಆಕೆ ಕನಸಲ್ಲೂ ಎಣಿಸಿರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಚಪ್ಪಲಿ ಕಳಚಿ, ದೂರದ ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಳು. ನಾದಿನಿ ತೊಟ್ಟಿಯ ಮೇಲೆ ಕಣ್ಣಿಟ್ಟು ಬಾಗಿಲ ಮರೆಯಲ್ಲಿ ನಿಂತಳು. ನೋಡದೆ ಕೂರುವುದಕ್ಕಿಂತ ದೊಡ್ಡ ಶಿಕ್ಷೆ ಪುಕ್ಕಲಕ್ಕನಿಗೆ ಬೇರೆ ಇರಲಿಲ್ಲ. ಮೂರು ಹೊಡೆಯಿತು, ನಾಲ್ಕು ಹೊಡೆಯಿತು.

ಐದಕ್ಕೆ ಸರಿಯಾಗಿ ಅಧಿಕಾರಿ ಪೈಪು ಹಿಡಿದವನೊಬ್ಬನನ್ನು ಕರೆತಂದ. ಹೆಜ್ಜೆ ಸದ್ದು ಕೇಳಿ ಆಕೆ ತಿರುಗದೆಯೇ ಕೈ ಮೇಲೆತ್ತಿದಳು.

"ಅಲ್ಲೇ ನಿಂತ್ಕೊಳ್ಳಿ ಸಾರ್. ಅದು ಹೆದರುತ್ತೆ."

ಏನನ್ನಿಸಿತೋ, ಅಧಿಕಾರಿ ನಿಂತ. ಪಂಪಿನ ಗುಳುಗುಳು ಬಿಟ್ಟರೆ ಬೇರೆ ಸದ್ದಿಲ್ಲ. ಎಷ್ಟೋ ಹೊತ್ತಿನ ಮೇಲೆ ಬಾಗಿಲ ಮರೆಯಿಂದ ನಾದಿನಿ ಪಿಸುಗುಟ್ಟಿದಳು, ಬಂತು, ತಲೆ ಹೊರಗೆ ಹಾಕಿದೆ ಎಂದು.

ಅಧಿಕಾರಿ ಕತ್ತು ಚಾಚಿ ನೋಡಿದ. ಆಕೆ ಮಾತ್ರ ತಿರುಗಲಿಲ್ಲ.